ಬ್ಲೇಸ್ ಪಾಸ್ಕಲ್ - ಆಗದಿರುವುದನ್ನು ಲೆಕ್ಕ ಹಾಕಿದ ವಿಶ್ವಾಸಿ

ನಮ್ಮ ಕರಾವಳಿಯ ಚರ್ಚುಗಳಲ್ಲಿ ಪಾಸ್ಕಲ್ ಎಂಬ ಹೆಸರಿನವರಿಗೆ ಬರವಿಲ್ಲ. ಪಾಸ್ಖ ಹಬ್ಬದಿಂದ ಬಂದ ಹೆಸರು ಅದು. ವಿಜ್ಞಾನ ಓದಿದ ಮಕ್ಕಳಿಗೆ ಪಾಸ್ಕಲ್ ಎಂದರೆ ಒತ್ತಡವನ್ನು ಅಳೆಯುವ ಮಾನ. ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ಕಲಿತವರಿಗೆ ಅದೊಂದು ಪ್ರೋಗ್ರಾಮಿಂಗ್ ಭಾಷೆ. ಈ ಎರಡಕ್ಕೂ ತಮ್ಮ ಹೆಸರು ಕೊಟ್ಟ ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ ಅವರು ಬದುಕಿದ್ದು 39 ವರ್ಷ ಮಾತ್ರ.

ಅವರ ಬದುಕನ್ನು ಈಗ ನೆನೆಯಲು ಕಾರಣ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ. ಆ ತಾಲೂಕು, ಅದರ ಪಕ್ಕದ ತಿಪಟೂರು, ತುರುವೇಕೆರೆ ಇವೆಲ್ಲ ತೆಂಗಿನ ಸೀಮೆ. ತೆಂಗು ನಮ್ಮಲ್ಲೂ ಇದೆ, ಆದರೆ ನಮ್ಮಲ್ಲಿ ಸುರಿಯುವ ಮಳೆಯ ಕಾಲುಭಾಗವೂ ಅಲ್ಲಿ ಬೀಳುವುದಿಲ್ಲ. ಬೇಸಿಗೆಯಲ್ಲಿ ಮರ ಉಳಿಯಬೇಕಾದರೆ ಬೋರ್‌ವೆಲ್ ಬೇಕು. ಒಂದು ಬತ್ತಿದರೆ ಇನ್ನೊಂದು, ಅದೂ ಕೈಕೊಟ್ಟರೆ ಮತ್ತೊಂದು. ಮೂರು ಕಡೆ ಕೊರೆಸಿ ಬರೀ ಧೂಳು ಕಂಡ ರೈತ, ಇಷ್ಟು ಸಲ ಹೋಯಿತಲ್ಲ, ನಾಲ್ಕನೆಯದರಲ್ಲಿ ಬಂದೇ ಬರುತ್ತದೆ ಎಂದು ಸಾಲ ಎತ್ತುತ್ತಾನೆ. ಈ ಎಣಿಕೆ ಸರಿಯೋ ತಪ್ಪೋ ಎಂದು ತೂಗಿ ನೋಡುವ ವಿದ್ಯೆ ಮೊಳಕೆಯೊಡೆದದ್ದು 1654ರಲ್ಲಿ, ಪಾಸ್ಕಲ್ ಮತ್ತು ಅವರ ಮಿತ್ರರೊಬ್ಬರ ನಡುವಿನ ಪತ್ರಗಳಲ್ಲಿ.

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮೋಂ ಪಟ್ಟಣದಲ್ಲಿ. ತಂದೆ ಎತಿಯೆನ್ ಪಾಸ್ಕಲ್ ಅವರು ತೆರಿಗೆ ವ್ಯಾಜ್ಯಗಳ ನ್ಯಾಯಾಧೀಶರು, ಗಣಿತ ಬಲ್ಲವರು. ಮಗುವಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲೀನ್. ತಂದೆ ಮರುಮದುವೆ ಆಗಲಿಲ್ಲ. 1631ರಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ಪ್ಯಾರಿಸ್ಸಿಗೆ ಬಂದು, ಮಗನನ್ನು ಶಾಲೆಗೆ ಸೇರಿಸದೆ ತಾವೇ ಕಲಿಸಿದರು.

ಅವರ ಕ್ರಮ ಸ್ವಲ್ಪ ವಿಚಿತ್ರ. ಮೊದಲು ಭಾಷೆಗಳು ಗಟ್ಟಿಯಾಗಲಿ, ಗಣಿತದ ರುಚಿ ಹತ್ತಿದರೆ ಹುಡುಗ ಬೇರೇನನ್ನೂ ಓದುವುದಿಲ್ಲ ಎಂದು ಮನೆಯಲ್ಲಿದ್ದ ಗಣಿತ ಪುಸ್ತಕಗಳನ್ನೆಲ್ಲ ಬೀಗ ಹಾಕಿಟ್ಟರು. ಮುಚ್ಚಿಟ್ಟದ್ದರ ಮೇಲೇ ಮಕ್ಕಳ ಕಣ್ಣು. ಅಕ್ಕ ಮುಂದೆ ಬರೆದಿಟ್ಟ ಜೀವನಚರಿತ್ರೆಯ ಪ್ರಕಾರ, ಹನ್ನೆರಡರ ಹುಡುಗ ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾ, ತ್ರಿಕೋನದ ಮೂರು ಕೋನಗಳ ಮೊತ್ತ ಎರಡು ಲಂಬಕೋನಕ್ಕೆ ಸಮ ಎಂಬುದನ್ನು ತಾನಾಗಿಯೇ ಕಂಡುಕೊಂಡಿದ್ದ. ತಂದೆ ಬೀಗ ತೆಗೆದರು. ಹದಿನಾರನೆಯ ವಯಸ್ಸಿನಲ್ಲಿ ಆ ಹುಡುಗ ಶಂಕುವಿನ ಛೇದಗಳ ಮೇಲೆ ಬರೆದ ಲೇಖನ ದೊಡ್ಡ ದೊಡ್ಡ ವಿದ್ವಾಂಸರನ್ನೂ ಬೆರಗುಗೊಳಿಸಿತು.

ಅಷ್ಟರಲ್ಲಿ ತಂದೆಗೆ ರೂಅಂ ನಗರದಲ್ಲಿ ತೆರಿಗೆ ಮೇಲ್ವಿಚಾರಣೆಯ ಕೆಲಸ ಸಿಕ್ಕಿತ್ತು. ರಾತ್ರಿಯೆಲ್ಲ ಕೂಡುವುದು, ಕಳೆಯುವುದು. ತಂದೆಯ ಈ ಪಾಡು ನೋಡಲಾಗದೆ 1642ರಲ್ಲಿ ಮಗ ಹಲ್ಲುಚಕ್ರಗಳ ಒಂದು ಯಂತ್ರ ಕಟ್ಟಲು ಹೊರಟರು. ಒಂದು ಚಕ್ರ ಪೂರ್ತಿ ಸುತ್ತಿದರೆ ಪಕ್ಕದ ಚಕ್ರ ಒಂದು ಹಲ್ಲು ಮುಂದಕ್ಕೆ, ಅಂದರೆ ದಶಕ ತಾನಾಗಿ ಮುಂದಿನ ಮನೆಗೆ. ಅಂಗಡಿಯ ಕ್ಯಾಲ್ಕ್ಯುಲೇಟರಿನ ಮುತ್ತಜ್ಜ ಎನ್ನಬಹುದಾದ ಆ ಪೆಟ್ಟಿಗೆಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ.

1646ರ ಚಳಿಗಾಲದಲ್ಲಿ ತಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡರು. ಮೂಳೆ ಕೂಡಿಸಲು ಬಂದ ಇಬ್ಬರು ಸಹೋದರರು ಮನೆಯಲ್ಲೇ ತಿಂಗಳುಗಟ್ಟಲೆ ಉಳಿದರು. ಅವರು ಜಾನ್ಸೆನಿಸಂ ಎಂಬ ಕಟ್ಟುನಿಟ್ಟಿನ ಧಾರ್ಮಿಕ ಚಳವಳಿಯ ಅನುಯಾಯಿಗಳು. ಅವರು ಕೊಟ್ಟ ಪುಸ್ತಕಗಳಿಂದ ಮನೆಮಂದಿಯ ಭಕ್ತಿಗೆ ಹೊಸ ಬಿಸಿ ಬಂತು. ತಂಗಿ ಜಾಕ್ಲೀನ್ ಪೋರ್-ರೊಯಾಲ್ ಕನ್ಯಾಮಠ ಸೇರುವ ಆಸೆ ಹೊತ್ತರು.

ಚಿಕ್ಕನಾಯಕನಹಳ್ಳಿಯ ಬೋರ್‌ವೆಲ್ಲಿಗೂ ಪಾಸ್ಕಲ್ ಅವರಿಗೂ ಇರುವ ಮೊದಲ ನಂಟು ಈ ಕಾಲದ್ದು. ನೀರನ್ನು ಮೇಲಿನಿಂದ ಹೀರುವ ಪಂಪು ಮೂವತ್ತು ಅಡಿ ಚಿಲ್ಲರೆಗಿಂತ ಆಳದಿಂದ ನೀರೆತ್ತಲಾರದು ಎಂದು ಇಟಲಿಯ ಕೆಲಸಗಾರರಿಗೆ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಟೊರಿಚೆಲ್ಲಿ ಎಂಬ ವಿಜ್ಞಾನಿ ಪಾದರಸದ ಕೊಳವೆಯಿಟ್ಟು, ಹೊರಗಿನ ಗಾಳಿಯ ಭಾರವೇ ಅದನ್ನು ಎತ್ತಿ ಹಿಡಿದಿದೆ ಎಂದು ಸೂಚಿಸಿದ್ದರು. ಹಾಗಿದ್ದರೆ ಬೆಟ್ಟ ಏರಿದಂತೆ ಗಾಳಿಯ ಭಾರ ಇಳಿಯಬೇಕಲ್ಲ? ರೋಗಿಷ್ಠರಾಗಿದ್ದ ಪಾಸ್ಕಲ್ ಕ್ಲೆರ್ಮೋಂನಲ್ಲಿದ್ದ ಭಾವ ಫ್ಲೋರಿನ್ ಪೆರಿಯೆ ಅವರನ್ನು ಕೇಳಿಕೊಂಡರು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕೊಳವೆ ಹಿಡಿದು ಪುಯಿ ದ ದೋಮ್ ಬೆಟ್ಟ ಹತ್ತಿದರು. ಕೆಳಗೆ ಮಿನಿಮ್ ಸಭೆಯ ಮಠದ ತೋಟದಲ್ಲಿ ಇನ್ನೊಂದು ಕೊಳವೆಯ ಮುಂದೆ ಒಬ್ಬ ಗುರುಗಳು ಇಡೀ ದಿನ ಕಾದು ಕುಳಿತರು. ಕೆಳಗಿನ ಪಾದರಸ ಅಲುಗಲಿಲ್ಲ, ಮೇಲಿನದು ಮೂರು ಅಂಗುಲ ಇಳಿದಿತ್ತು. ನೂರಾರು ಅಡಿ ಆಳದ ಬೋರಿನೊಳಕ್ಕೆ ಸಬ್‌ಮರ್ಸಿಬಲ್ ಮೋಟರನ್ನೇ ಇಳಿಸಿ ನೀರನ್ನು ಕೆಳಗಿನಿಂದ ತಳ್ಳುವುದೇಕೆ ಎಂಬುದಕ್ಕೆ ಉತ್ತರ ಆ ಮೂರು ಅಂಗುಲದಲ್ಲಿದೆ.

1651ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಜಾಕ್ಲೀನ್ ಅಣ್ಣನ ಮಾತು ಮೀರಿ ಕನ್ಯಾಮಠ ಸೇರಿದರು. ಆಕೆಯ ಪಾಲಿನ ಆಸ್ತಿಯನ್ನು ಮಠಕ್ಕೆ ಕೊಡುವ ವಿಷಯದಲ್ಲಿ ಅಣ್ಣ ತಂಗಿಯರ ನಡುವೆ ಬೇಸರವೂ ಆಯಿತು. ಪಾಸ್ಕಲ್ ಅವರ ನಡತೆಯಲ್ಲಿ ಮೆಚ್ಚಲಾಗದ ಭಾಗ ಇದು. ಕೊನೆಗೆ ಅವರೇ ಮೆತ್ತಗಾಗಿ ಹಣ ಕೊಟ್ಟರು. ಒಂಟಿಯಾಗಿ ಉಳಿದ ಅವರು ಪ್ಯಾರಿಸ್ಸಿನ ಶ್ರೀಮಂತ ಗೆಳೆಯರ ಜೊತೆ ಹೆಚ್ಚು ಬೆರೆತರು. ಅವರಲ್ಲೊಬ್ಬರು ಶೆವಾಲಿಯೆ ದ ಮೆರೆ ಎಂದು ಹೆಸರಾದ ಆಂತ್ವಾನ್ ಗೊಂಬೋ. ಲೇಖಕರು, ಮಾತುಗಾರರು, ದಾಳದಾಟದ ಒಳಹೊರಗು ಬಲ್ಲವರು.

ಮೆರೆ ಅವರನ್ನು ಒಂದು ಲೆಕ್ಕ ಕಾಡುತ್ತಿತ್ತು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆ ಎಂದು ಪಣ ಕಟ್ಟಿದವರಿಗೆ ಲಾಭ. ಎರಡು ದಾಳಗಳನ್ನು 24 ಸಲ ಎಸೆದರೆ ಒಮ್ಮೆಯಾದರೂ ಎರಡರಲ್ಲೂ ಆರು ಬೀಳುತ್ತದೆ ಎಂದು ಪಣ ಕಟ್ಟಿದವರಿಗೆ ನಷ್ಟ. ಒಂದು ದಾಳಕ್ಕೆ ಆರು ಮುಖ, ಎರಡಕ್ಕೆ ಕೂಡಿ 36 ಜೋಡಿ. ಆರಕ್ಕೆ ನಾಲ್ಕಾದರೆ 36ಕ್ಕೆ 24, ಪ್ರಮಾಣ ಒಂದೇ. ಫಲ ಮಾತ್ರ ಬೇರೆ. ಗಣಿತವೇ ತನ್ನನ್ನು ತಾನು ಸುಳ್ಳು ಮಾಡಿಕೊಳ್ಳುತ್ತಿದೆ ಎಂದು ಮೆರೆ ದೂರಿದರು.

ಪಾಸ್ಕಲ್ ಇದನ್ನು ತುಲೂಸ್ ನಗರದ ನ್ಯಾಯಾಧೀಶ, ಮಹಾಗಣಿತಜ್ಞ ಪಿಯೆರ್ ದ ಫೆರ್ಮಾ ಅವರಿಗೆ ಬರೆದರು. 1654ರ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಪತ್ರಗಳು ಓಡಾಡಿದವು. ಜುಲೈ 29ರ ಪತ್ರದಲ್ಲಿ ಒಂದು ದಾಳದ ಆಟಕ್ಕೆ ಪಾಸ್ಕಲ್ ಕೊಟ್ಟ ಅಂಕಿ 671ಕ್ಕೆ 625. ಈ ಅಂಕಿ ಬರುವ ದಾರಿಯನ್ನು ಪ್ರಿಯ ಓದುಗರು ನಿಧಾನವಾಗಿ ಗಮನಿಸಬೇಕು. ಹತ್ತನೆಯ ತರಗತಿಯ ಗುಣಾಕಾರ ಸಾಕು.

ಒಮ್ಮೆಯಾದರೂ ಆರು ಬೀಳುವುದನ್ನು ನೇರವಾಗಿ ಎಣಿಸಲು ಹೋದರೆ ಗೋಜಲು. ಮೊದಲ ಸಲವೇ ಬೀಳಬಹುದು, ಮೂರನೆಯ ಸಲ ಬೀಳಬಹುದು, ಎರಡು ಸಲ ಬೀಳಬಹುದು, ನಾಲ್ಕೂ ಸಲ ಬೀಳಬಹುದು. ಒಮ್ಮೆಯೂ ಬೀಳದಿರುವುದಕ್ಕೆ ಮಾತ್ರ ದಾರಿ ಒಂದೇ: ಮೊದಲ ಎಸೆತದಲ್ಲಿ ಬೀಳಬಾರದು, ಎರಡನೆಯದರಲ್ಲಿ ಬೀಳಬಾರದು, ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ಪ್ರತಿ ಎಸೆತದಲ್ಲಿ ಆರರಲ್ಲಿ ಐದು ಮುಖಗಳು ಆರಲ್ಲ. ದಾಳಕ್ಕೆ ನೆನಪಿಲ್ಲ, ಹಿಂದಿನ ಎಸೆತ ಮುಂದಿನದಕ್ಕೆ ಏನನ್ನೂ ಹೇಳಿಕೊಡುವುದಿಲ್ಲ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ್ದಕ್ಕೆ ಸ್ವತಂತ್ರ ಘಟನೆಗಳು ಎನ್ನುತ್ತಾರೆ. ಅಂಥಲ್ಲಿ ಆಗದಿರುವ ಸಾಧ್ಯತೆಗಳನ್ನು ಗುಣಿಸಬೇಕು. ಐದನ್ನು ನಾಲ್ಕು ಸಲ ಗುಣಿಸಿದರೆ 625, ಆರನ್ನು ನಾಲ್ಕು ಸಲ ಗುಣಿಸಿದರೆ 1296. ಅಂದರೆ 1296ರಲ್ಲಿ 625 ಸಲ ಆರು ಬೀಳುವುದೇ ಇಲ್ಲ. ಉಳಿದ 671 ಗೆಲುವು. ಸಾವಿರ ಆಟಕ್ಕೆ ಸುಮಾರು 518.

ಎರಡು ದಾಳಗಳಲ್ಲಿ ಪ್ರತಿ ಎಸೆತ ತಪ್ಪುವ ಸಾಧ್ಯತೆ 36ರಲ್ಲಿ 35. ಇದನ್ನು 24 ಸಲ ಗುಣಿಸಿ ಒಂದರಿಂದ ಕಳೆದರೆ ಗೆಲುವು ಸಾವಿರಕ್ಕೆ 491. ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅದಕ್ಕೇ ನಷ್ಟ. 25ನೆಯ ಎಸೆತ ಸೇರಿಸಿದರೆ 505 ದಾಟುತ್ತದೆ. ಗಣಿತ ಸುಳ್ಳಾಗಿರಲಿಲ್ಲ. ಮೆರೆ ಕೂಡಿಸುವ ಕಡೆ ಗುಣಿಸಬೇಕಿತ್ತು.

ಪತ್ರಗಳಲ್ಲಿದ್ದ ಎರಡನೆಯ ಲೆಕ್ಕ ಅರ್ಧಕ್ಕೆ ನಿಂತ ಆಟದ್ದು. ಇಬ್ಬರು ತಲಾ 32 ನಾಣ್ಯ ಕಟ್ಟಿದ್ದಾರೆ, ಮೊದಲು ಮೂರು ಆಟ ಗೆದ್ದವರಿಗೆ ಎಲ್ಲವೂ. ಒಬ್ಬರು ಎರಡು ಗೆದ್ದಿದ್ದಾರೆ, ಇನ್ನೊಬ್ಬರು ಒಂದು. ಆಟ ನಿಂತಿತು. 64 ನಾಣ್ಯ ಹಂಚುವುದು ಹೇಗೆ? ಮುಂದಿರುವವರು ಸೋಲಬೇಕಾದರೆ ಬರುವ ಎರಡು ಆಟಗಳನ್ನೂ ಕಳೆದುಕೊಳ್ಳಬೇಕು, ಅರ್ಧದಲ್ಲಿ ಅರ್ಧ ಎಂದರೆ ಕಾಲು. ಆದ್ದರಿಂದ ಅವರಿಗೆ 48, ಎದುರಾಳಿಗೆ 16. ಪಾಸ್ಕಲ್ ಮತ್ತು ಫೆರ್ಮಾ ಬೇರೆ ಬೇರೆ ದಾರಿ ಹಿಡಿದು ಇದೇ ಉತ್ತರಕ್ಕೆ ಬಂದರು. ಪಾಸ್ಕಲ್ ಇಂಥ ಎಣಿಕೆಗೆ ಬಳಸಿದ ಸಂಖ್ಯೆಗಳ ತ್ರಿಕೋನ ಅವರ ಹೆಸರಿನಲ್ಲೇ ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ ಅದನ್ನು ಮೇರು ಪ್ರಸ್ತಾರ ಎಂದು ಛಂದಶ್ಶಾಸ್ತ್ರದವರು ಮೊದಲೇ ಬಲ್ಲವರಾಗಿದ್ದರು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಬರೆದಿಟ್ಟಿದ್ದರು ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ.

ಈಗ ಮತ್ತೆ ಚಿಕ್ಕನಾಯಕನಹಳ್ಳಿಗೆ ಬರೋಣ. ಒಂದು ಊರಿನ ಸುತ್ತ ಮೂರು ಬೋರಿನಲ್ಲಿ ಒಂದಕ್ಕೆ ನೀರು ಬೀಳುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಮೂರು ಕೊರೆಸಿದರೆ ಒಂದರಲ್ಲಿ ಖಂಡಿತ ಎಂದು ಮನಸ್ಸು ಹೇಳುತ್ತದೆ. ಇದು ಮೆರೆ ಅವರ ತಪ್ಪೇ. ಒಂದು ಬೋರು ತಪ್ಪುವ ಸಾಧ್ಯತೆ ಮೂರರಲ್ಲಿ ಎರಡು. ಮೂರೂ ತಪ್ಪುವ ಸಾಧ್ಯತೆ 27ರಲ್ಲಿ 8, ಅಂದರೆ ನೂರು ರೈತರಲ್ಲಿ ಮೂವತ್ತು ಮಂದಿ ಮೂರು ಸಲ ಹಣ ಸುರಿದೂ ಬರಿಗೈ. ಹತ್ತರಲ್ಲಿ ಒಂಬತ್ತು ಪಾಲು ಭರವಸೆ ಬೇಕೆಂದರೆ ಎಷ್ಟು ಕೊರೆಸಬೇಕು? ಐದು ಸಾಲದು, ಆರು ಬೇಕು. ಒಂದೊಂದಕ್ಕೂ ಲಕ್ಷ ಮುಟ್ಟುವ ಖರ್ಚಿನಲ್ಲಿ ಆರು ಬೋರು ಯಾವ ತೋಟ ತಡೆದೀತು?

ಇನ್ನೂ ಕೆಟ್ಟ ಸುದ್ದಿಯಿದೆ. ಮೂರು ತಪ್ಪಿದ ಮೇಲೆ ನಾಲ್ಕನೆಯದಕ್ಕೆ ಅವಕಾಶ ಹೆಚ್ಚುತ್ತದೆ ಎಂಬುದು ಶುದ್ಧ ಭ್ರಮೆ. ಬೋರುಗಳು ದಾಳದ ಎಸೆತಗಳಂತೆ ಸ್ವತಂತ್ರವಾಗಿದ್ದರೆ ನಾಲ್ಕನೆಯದಕ್ಕೂ ಮೂರರಲ್ಲಿ ಒಂದೇ. ಆದರೆ ಬೋರು ದಾಳವಲ್ಲ. ಆ ಸೀಮೆಯಲ್ಲಿ ನೀರಿರುವುದು ಗಟ್ಟಿಕಲ್ಲಿನ ಸೀಳುಗಳಲ್ಲಿ. ಒಂದೇ ತೋಟದ ನಾಲ್ಕು ಮೂಲೆಯ ಕೆಳಗೂ ಅದೇ ಬಂಡೆ, ಪಕ್ಕದವರು ಎತ್ತುವ ನೀರೂ ಅದೇ ಸೀಳಿನದು. ಮೂರು ಕಡೆ ಒಣಗಿದ್ದು ನಾಲ್ಕನೆಯ ಕಡೆಯ ಬಗ್ಗೆ ಏನನ್ನೋ ಹೇಳುತ್ತಿದೆ, ಹೇಳುತ್ತಿರುವುದು ಒಳ್ಳೆಯದನ್ನಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅದು ಎದ್ದು ನಿಂತ ಜಾಗ ತೋರಿಸುವವರು ಈ ಲೆಕ್ಕ ಹೇಳುವುದಿಲ್ಲ. ನೀರು ಬಿದ್ದ ತೋಟದವರು ಅವರ ಹೆಸರನ್ನು ಊರೆಲ್ಲ ಹೇಳುತ್ತಾರೆ, ಬೀಳದ ತೋಟದವರು ಸಾಲದ ಚಿಂತೆಯಲ್ಲಿ ಸುಮ್ಮನಿರುತ್ತಾರೆ.

ಕೊಬ್ಬರಿಯಲ್ಲೂ ಇದೇ ವಿದ್ಯೆ ನಡೆಯುತ್ತದೆ. ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಅಲ್ಲಿನ ಪದ್ಧತಿ. ಇಪ್ಪತ್ತಕ್ಕೆ ಒಂದು ಕೆಟ್ಟಿರುವ ರಾಶಿಯಿಂದ ಹತ್ತನ್ನು ಆರಿಸಿ ಒಡೆದು ನೋಡಿದರೆ, ಹತ್ತೂ ಒಳ್ಳೆಯದೇ ಸಿಗುವ ಸಾಧ್ಯತೆ ನೂರಕ್ಕೆ ಅರುವತ್ತು. ಆದರೆ ಹೆಂಚು ಸೋರಿ ಒಂದೇ ಮೂಲೆಯ ಕಾಯಿಗಳೆಲ್ಲ ಒಟ್ಟಿಗೆ ಹಾಳಾಗಿದ್ದರೆ ಈ ಗುಣಾಕಾರ ನಡೆಯದು. ಗುಣಿಸುವ ಮೊದಲು ಅಟ್ಟದ ಮೇಲಿನ ಹೆಂಚು ನೋಡಬೇಕು.

ಫೆರ್ಮಾ ಜೊತೆಗಿನ ಪತ್ರಗಳು ನಿಂತ ಒಂದು ತಿಂಗಳಲ್ಲೇ ಪಾಸ್ಕಲ್ ಅವರ ಬದುಕು ತಿರುಗಿತು. 1654ರ ನವೆಂಬರ್ 23ರ ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಅವರಿಗೆ ದೇವರ ಸಾನ್ನಿಧ್ಯದ ತೀವ್ರ ಅನುಭವವಾಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡರು. ಅಲ್ಲಿಂದ ಮುಂದೆ ಗಣಿತ ಹಿಂದೆ ಸರಿಯಿತು. ಮಠ ಸೇರಿದ್ದ ತಂಗಿಯೇ ಅವರಿಗೆ ಆತ್ಮೀಯ ಮಾರ್ಗದರ್ಶಿಯಾದರು.

1656-57ರಲ್ಲಿ ಅವರು ಗುಪ್ತನಾಮದಲ್ಲಿ 18 ಪತ್ರಗಳನ್ನು ಅಚ್ಚು ಹಾಕಿಸಿ ಯೇಸುಸಭೆಯ ಕೆಲವು ನೀತಿಪಂಡಿತರನ್ನು ಕಟುವಾಗಿ ಟೀಕಿಸಿದರು. ಯಾರೋ ಒಬ್ಬ ಪಂಡಿತರು ಸಂಭವ ಎಂದು ಒಪ್ಪಿದ ಅಭಿಪ್ರಾಯವಿದ್ದರೆ ಸಾಕು, ಅದರಂತೆ ನಡೆಯಬಹುದು ಎಂಬ ಆಗಿನ ವಾದವೊಂದು ಅವರಿಗೆ ಸಹಿಸಲಾಗಲಿಲ್ಲ. ಸಂಭವ ಎಂಬ ಮಾತಿಗೆ ಎಣಿಕೆಯ ಆಧಾರ ಕೊಟ್ಟವರಿಗೆ ಇದು ಸಹಜವೇ. ಆದರೆ ಎದುರಾಳಿಗಳಿಗೆ ಅವರು ಪೂರ್ತಿ ನ್ಯಾಯ ಮಾಡಿದರು ಎನ್ನಲಾಗದು. ಧರ್ಮಸಭೆ ಆ ಪತ್ರಗಳನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಪಾಸ್ಕಲ್ ಧರ್ಮಸಭೆಯನ್ನು ಬಿಡಲಿಲ್ಲ.

ಕ್ರೈಸ್ತ ವಿಶ್ವಾಸವನ್ನು ಸಮರ್ಥಿಸುವ ದೊಡ್ಡ ಗ್ರಂಥವೊಂದನ್ನು ಅವರು ಯೋಜಿಸಿದ್ದರು. ಕಾಯಿಲೆ ಬಿಡಲಿಲ್ಲ. ತುಂಡು ಕಾಗದಗಳಲ್ಲಿ ಉಳಿದ ಆ ಚಿಂತನೆಗಳು 1670ರಲ್ಲಿ ಪುಸ್ತಕವಾದವು. ದೇವರಿದ್ದಾರೆ ಎಂದು ಬದುಕನ್ನು ಪಣಕ್ಕಿಡುವವನು ಕಳೆದುಕೊಳ್ಳುವುದು ಅಲ್ಪ, ಪಡೆಯುವುದು ಅನಂತ ಎಂಬ ಪ್ರಸಿದ್ಧ ವಾದ ಅಲ್ಲಿಯದು. ಇದನ್ನು ಬರೀ ಲಾಭನಷ್ಟದ ಲೆಕ್ಕ ಎಂದು ಹಳಿದವರುಂಟು. ದಾಳವನ್ನು ಮತ್ತೆ ಮತ್ತೆ ಎಸೆಯಬಹುದು, ಬದುಕು ಒಂದೇ ಎಸೆತ ಎಂಬುದನ್ನು ಮರೆತು ಓದಿದರೆ ಹಾಗೆ ಕಾಣುತ್ತದೆ. ಅವರ ಜನನದ 400ನೆಯ ವರ್ಷವಾದ 2023ರ ಜೂನ್ 19ರಂದು ಪೋಪ್ ಫ್ರಾನ್ಸಿಸ್‌ರವರು ಪಾಸ್ಕಲ್ ಕುರಿತೇ ಒಂದು ಪ್ರೇಷಿತ ಪತ್ರ ಹೊರಡಿಸಿ, ಅವರ ಬುದ್ಧಿಯ ಜೊತೆ ಬಡವರ ಮೇಲಿನ ಪ್ರೀತಿಯನ್ನೂ ನೆನೆದರು.

ಆ ಪ್ರೀತಿ ಬಾಯಿಮಾತಿನದಲ್ಲ. 1662ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಗೊತ್ತಾದ ಹಾದಿಯಲ್ಲಿ, ಗೊತ್ತಾದ ಹೊತ್ತಿಗೆ, ತಲೆಗೆ ಐದು ಸೋಲ್ ದರದಲ್ಲಿ ಓಡುವ ಕುದುರೆಗಾಡಿಗಳು ಶುರುವಾದವು. ಸಿಟಿ ಬಸ್ಸಿನ ಈ ಆದಿರೂಪ ಪಾಸ್ಕಲ್ ಅವರ ಯೋಜನೆ. ತಮ್ಮ ಪಾಲಿನ ಆದಾಯ ಬಡವರಿಗೆ ಸಲ್ಲಬೇಕೆಂಬುದು ಅವರ ಇಚ್ಛೆಯಾಗಿತ್ತು.

ಆಗ ಅವರ ಮನೆಯಲ್ಲಿ ಒಂದು ಬಡ ಕುಟುಂಬ ಆಶ್ರಯ ಪಡೆದಿತ್ತು. ಅದರ ಮಗುವಿಗೆ ಸಿಡುಬು ಬಂತು. ರೋಗಿಯಾಗಿದ್ದ ತಮ್ಮನನ್ನು ನೋಡಲು ಅಕ್ಕ ದಿನವೂ ಬರುತ್ತಿದ್ದರು, ಅವರ ಮಕ್ಕಳಿಗೆ ಸೋಂಕು ತಗಲುವ ಭಯ. ಮಗುವನ್ನು ಬೇರೆಡೆ ಸಾಗಿಸುವುದು ಸುಲಭವಿತ್ತು. ಪಾಸ್ಕಲ್ ಒಪ್ಪಲಿಲ್ಲ. ಆ ಸ್ಥಿತಿಯಲ್ಲಿ ಕದಲಿಸಿದರೆ ಮಗುವಿಗೆ ಹೆಚ್ಚು ಅಪಾಯ, ತಮಗೆ ಕಡಿಮೆ ಎಂದು ತೂಗಿ, ಮನೆಯನ್ನು ಮಗುವಿಗೇ ಬಿಟ್ಟು ತಾವು ಅಕ್ಕನ ಮನೆಗೆ ಹೊರಟರು. ಮರಳಿ ಬರಲಿಲ್ಲ. ಗುಣವಾಗದ ರೋಗಿಗಳ ಆಸ್ಪತ್ರೆಗೆ ಒಯ್ಯಿರಿ, ಬಡವರ ನಡುವೆ ಸಾಯುತ್ತೇನೆ ಎಂದು ಬೇಡಿಕೊಂಡರೂ ವೈದ್ಯರು ಬಿಡಲಿಲ್ಲ. ಪರಮಪ್ರಸಾದ ಸ್ವೀಕರಿಸಿ 1662ರ ಆಗಸ್ಟ್ 19ರಂದು ಕೊನೆಯುಸಿರೆಳೆದರು. ಪ್ಯಾರಿಸ್ಸಿನ ಸಂತ ಎತಿಯೆನ್ ದು ಮೋಂ ಚರ್ಚಿನಲ್ಲಿ ಅವರ ಸಮಾಧಿಯಿದೆ.

ಕೆಲವು ದಿನಗಳ ಬಳಿಕ ಅವರ ಬಟ್ಟೆಗಳನ್ನು ಜೋಡಿಸುತ್ತಿದ್ದ ಸೇವಕನ ಕೈಗೆ ಅಂಗಿಯ ಒಳಪದರದಲ್ಲಿ ಏನೋ ದಪ್ಪವಾಗಿ ತಗಲಿತು. ಹೊಲಿಗೆ ಬಿಚ್ಚಿದರೆ ಮಡಿಸಿದ ಚರ್ಮದ ಹಾಳೆ, ಅದರೊಳಗೆ ಒಂದು ಕಾಗದ. 1654ರ ಆ ರಾತ್ರಿಯ ಗುರುತು. ಎಂಟು ವರ್ಷ, ಅಂಗಿ ಬದಲಾದಾಗಲೆಲ್ಲ ಬಿಚ್ಚಿ ಹೊಸದರೊಳಕ್ಕೆ ಮತ್ತೆ ಹೊಲಿದುಕೊಂಡು, ಮನೆಯವರಿಗೂ ತಿಳಿಯದಂತೆ ಅವರು ಅದನ್ನು ಮೈಮೇಲೆ ಹೊತ್ತಿದ್ದರು.